ವಿಮಾನ ಕಂಪನಿ ಷೇರೋ, ವಿಮಾನ ನಿಲ್ದಾಣದ ಷೇರೋ?

ಪ್ರಯಾಣಿಕರು ಹೆಚ್ಚಿದರೆ ಎರಡಕ್ಕೂ ಲಾಭ, ನಿಜ. ಪೆಟ್ಟು ಮಾತ್ರ ಒಂದೇ ಥರ ಬೀಳುವುದಿಲ್ಲ.

ವಿಮಾನ ಕಂಪನಿಯ ಲೆಕ್ಕ ಹೀಗಿದೆ ಎಂದುಕೊಳ್ಳಿ: ಆದಾಯ 100, ಇಂಧನಕ್ಕೆ 30, ಎಲ್ಲ ಖರ್ಚು ಕಳೆದು ಉಳಿಯುವುದು 4. ಇಂಧನ ಶೇ 20 ಏರಿದರೆ ಖರ್ಚು 6 ಹೆಚ್ಚುತ್ತದೆ. 4ರ ಲಾಭ ಹೋಗಿ 2ರ ನಷ್ಟ. ಟಿಕೆಟ್ ದರ ಏರಿಸೋಣವೆಂದರೆ ಪಕ್ಕದ ಕಂಪನಿಯೂ ಏರಿಸಬೇಕಲ್ಲ! ಖಾಲಿ ಹಾರಿದ ಸೀಟನ್ನು ನಾಳೆ ಮಾರಲಾಗದು, ವಿಮಾನದ ಗುತ್ತಿಗೆ ಬಾಡಿಗೆಯಂತೂ ತಪ್ಪದು, ಅದೂ ಹೆಚ್ಚಾಗಿ ಡಾಲರಿನಲ್ಲಿ. ಆದರೆ ಇಂಧನ ಅಷ್ಟೇ ಇಳಿದರೆ 4 ಇದ್ದದ್ದು 10 ಆಗುತ್ತದೆ. ಷೇರು ಜಿಗಿಯುವುದು ಆಗಲೇ.

ನಿಲ್ದಾಣಕ್ಕೆ ಲ್ಯಾಂಡಿಂಗ್ ಶುಲ್ಕ, ಅಂಗಡಿ ಬಾಡಿಗೆ, ಪಾರ್ಕಿಂಗ್ ಎಲ್ಲವೂ ಆದಾಯ. ಒಂದು ಕಂಪನಿ ಮುಳುಗಿದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ತೊಡಕೆಂದರೆ, ಶುಲ್ಕಕ್ಕೆ ಸಾಮಾನ್ಯವಾಗಿ ನಿಯಂತ್ರಕರ ಮಿತಿ, ಹೊಸ ಟರ್ಮಿನಲ್‌ಗೆ ಭಾರೀ ಸಾಲ.

2020ರ ಕೋವಿಡ್ ಎರಡನ್ನೂ ಕೆಡವಿತು. ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ಅವರ ಬರ್ಕ್‌ಶೈರ್ ಕಂಪನಿ ಆಗ ಅಮೆರಿಕದ ನಾಲ್ಕು ವಿಮಾನ ಕಂಪನಿಗಳ ಪಾಲನ್ನು ಪೂರ್ತಿ ಮಾರಿತು.

ಐದಾರು ವರ್ಷ ಮುಟ್ಟದೆ ಇಡುವವರಿಗೆ ನಿಲ್ದಾಣವೇ ಮೇಲು. ವಿಮಾನ ಕಂಪನಿಯೇ ಬೇಕೆಂದರೆ ಸಾಲದ ಜೊತೆ ವಿಮಾನದ ಗುತ್ತಿಗೆಗೆ ಮುಂದೆ ಕಟ್ಟಬೇಕಾದ ಬಾಡಿಗೆಯನ್ನೂ ಕೂಡಿಸಿ ನೋಡಿ, ಕೈಯಲ್ಲಿರುವ ನಗದು ಎಷ್ಟು ತಿಂಗಳ ಖರ್ಚಿಗಾದೀತು ಎಂದು ಲೆಕ್ಕ ಹಾಕಿ.