ಹಳೆ ಬೈಕಿನ ಕರೆಂಟು: ವೈರು ಬದಲಿಸುವುದೋ, ಕಾಯಿಲ್ ಬದಲಿಸುವುದೋ?

ಮಳೆ ಶುರುವಾದ ಕೂಡಲೇ ಮಂಗಳೂರಿನ ಗ್ಯಾರೇಜುಗಳಲ್ಲಿ ಹಳೆ ಬೈಕುಗಳು ಸಾಲುಗಟ್ಟುತ್ತವೆ. ಹೆಚ್ಚಿನವರ ದೂರು ಒಂದೇ: "ಕರೆಂಟ್ ಬರುವುದಿಲ್ಲ ಮಾರಾಯ್ರೆ." ಮೆಕ್ಯಾನಿಕ್ ಉತ್ತರವೂ ಸಾಮಾನ್ಯವಾಗಿ ಒಂದೇ: "ಕಾಯಿಲ್ ಹೋಗಿದೆ, ಹೊಸತು ಹಾಕುವ." ನನಗೆ ಈ ಮಾತು ಅಷ್ಟು ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ. ಇಲ್ಲಿ ಕರೆಂಟ್ ಅಂದರೆ ಪ್ಲಗ್ಗಿನಲ್ಲಿ ಪೆಟ್ರೋಲ್ ಹೊತ್ತಿಸುವ ಕಿಡಿ. ಅದಕ್ಕೆ ಬೇಕಾದಷ್ಟು ವೋಲ್ಟೇಜ್ ಏರಿಸುವುದು ಕಾಯಿಲ್, ಪ್ಲಗ್ಗಿಗೆ ಒಯ್ಯುವುದು ವೈರು, ವೈರಿನ ತುದಿಯಲ್ಲಿ ಪ್ಲಗ್ಗಿನ ಮೇಲೆ ಕೂರುವುದು ಕ್ಯಾಪು. ನನ್ನದು ಪಾಯಿಂಟ್ (ತೆರೆದು ಮುಚ್ಚಿ ಕಾಯಿಲಿನ ಕರೆಂಟ್ ಕಡಿಯುವ ಸ್ವಿಚ್) ಇರುವ 12 ವೋಲ್ಟಿನ ಹಳೆ ಬುಲೆಟ್. ಭಾವನದು ಯಮಹಾ ಆರ್‌ಎಕ್ಸ್ 100, ಸಿಡಿಐ ಗಾಡಿ, ಅಂದರೆ ಪಾಯಿಂಟಿನ ಕೆಲಸ ಎಲೆಕ್ಟ್ರಾನಿಕ್ ಡಬ್ಬಿ ಮಾಡುವಂಥದ್ದು. ವೈರು, ಕ್ಯಾಪು, ಲೋಕಲ್ ಕಾಯಿಲ್, ಗುಜರಿ ಕಾಯಿಲ್, ಅಂಟು ಹಚ್ಚಿ ರಿಪೇರಿ, ಎಲ್ಲವನ್ನೂ ಈ ಎರಡು ಗಾಡಿಗಳ ಮೇಲೆ ನೋಡಿಯಾಗಿದೆ.

ಮೊದಲ ಸ್ಥಾನ ವೈರು ಮತ್ತು ಕ್ಯಾಪಿಗೆ. ನಮ್ಮ ಕಡೆಯ ಉಪ್ಪು ಗಾಳಿಗೆ ಮೊದಲು ಸೋಲುವುದು ಇವೇ. ಕ್ಯಾಪ್ ಬಿಚ್ಚಿ ನೋಡಿ, ವೈರಿನ ತುದಿಯಲ್ಲಿ ತಾಮ್ರ ಹಸಿರಾಗಿರುತ್ತದೆ. ಅರ್ಧ ಸೆಂಟಿಮೀಟರ್ ಕತ್ತರಿಸಿ, ಹೊಳೆಯುವ ತಾಮ್ರ ಸಿಕ್ಕಿದರೆ ಕ್ಯಾಪನ್ನು ಮತ್ತೆ ತಿರುಗಿಸಿ ಹಾಕಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ. ವೈರಿನ ರಬ್ಬರ್ ಒಡೆದಿದೆಯೋ ನೋಡಲು ಮಲ್ಟಿಮೀಟರ್ ಬೇಡ. ರಾತ್ರಿ ಲೈಟ್ ಆರಿಸಿ ಗಾಡಿ ಸ್ಟಾರ್ಟ್ ಮಾಡಿ, ವೈರಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಲೀಕ್ ಇದ್ದರೆ ನೀಲಿ ಗೆರೆ ಟ್ಯಾಂಕಿಗೋ ಫ್ರೇಮಿಗೋ ಹಾರುವುದು ಕಣ್ಣಿಗೇ ಕಾಣುತ್ತದೆ. ಆಗ ವೈರನ್ನು ಕೈಯಲ್ಲಿ ಮುಟ್ಟಬೇಡಿ.

ವೈರಿನಲ್ಲೂ ಎರಡು ಜಾತಿ. ಒಳಗೆ ತಾಮ್ರದ ಎಳೆ ಇರುವುದು ಒಂದು, ಕಾರ್ಬನ್ ಇರುವುದು ಇನ್ನೊಂದು. ಪಾಯಿಂಟ್ ಗಾಡಿಗೆ ತಾಮ್ರವೇ ನನ್ನ ಆಯ್ಕೆ. ಕಾರ್ಬನ್ ವೈರಿಗೆ ಸ್ಕ್ರೂ ಕ್ಯಾಪ್ ಸರಿಯಾಗಿ ಕಚ್ಚುವುದಿಲ್ಲ. ಮೇಲಿಂದ 5 ಕಿಲೋ ಓಮಿನ ರೆಸಿಸ್ಟರ್ ಕ್ಯಾಪ್ ಹಾಕಿದರೆ ಎರಡರ ಅಡ್ಡಿಯೂ ಕೂಡಿಕೊಳ್ಳುತ್ತದೆ. ತಾಮ್ರದ ವೈರು, ಎನ್‌ಜಿಕೆ ಕ್ಯಾಪು, ಕ್ಯಾಪಿನ ಬಾಯಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್: ಬುಲೆಟ್ ಮಳೆಗಾಲ ಕಳೆಯುವುದು ಇದರಲ್ಲೇ. ಕೆಂಪು, ನೀಲಿ ಬಣ್ಣದ ರೇಸಿಂಗ್ ವೈರುಗಳ ರಬ್ಬರ್ ಚೆನ್ನಾಗಿರುತ್ತದೆ, ಅಷ್ಟೇ. ಪಿಕಪ್ ಜಾಸ್ತಿಯಾಗುತ್ತದೆ ಅನ್ನುವುದು ಸುಮ್ನೆ ಮಾತು.

ವೈರು ಸರಿ ಇದ್ದೂ ಗಾಡಿ ಬಿಸಿಯಾದ ಮೇಲೆ ನಿಲ್ಲುತ್ತದೆಯಾ? ಈಗ ಕಾಯಿಲ್ ಮೇಲೆ ಸಂಶಯ ಪಡಬಹುದು. ಆದರೆ ಪಾಯಿಂಟ್ ಗಾಡಿಯಲ್ಲಿ ಪಾಯಿಂಟಿನ ಕಿಡಿ ತಡೆಯುವ ಕಂಡೆನ್ಸರ್ ಹೋದರೂ ಇದೇ ಲಕ್ಷಣ. ಪಾಯಿಂಟ್ ಕಪ್ಪಾಗಿ ಸುಟ್ಟಿದ್ದರೆ, ತೆರೆಯುವಾಗ ದೊಡ್ಡ ಕಿಡಿ ಹಾರುತ್ತಿದ್ದರೆ ಮೊದಲು ಕಂಡೆನ್ಸರ್ ಬದಲಿಸಿ. ಅದು ಕಾಯಿಲಿಗಿಂತ ತುಂಬಾ ಅಗ್ಗ.

ಮೀಟರ್ ಹಿಡಿದು "ಕಾಯಿಲ್ ಓಕೆ" ಅನ್ನುವವರನ್ನೂ ನಾನು ಪೂರ್ತಿ ನಂಬುವುದಿಲ್ಲ. ಮೀಟರ್ ಪರೀಕ್ಷೆ ಮಾಡುವುದು ಕೆಲವೇ ವೋಲ್ಟಿನಲ್ಲಿ, ಕಾಯಿಲ್ ದುಡಿಯುವುದು ಹತ್ತಾರು ಸಾವಿರ ವೋಲ್ಟಿನಲ್ಲಿ. ಬಿಸಿಯಾದಾಗ ಒಳಗಿನ ಇನ್ಸುಲೇಶನ್ ಬಿಟ್ಟುಕೊಟ್ಟರೆ ಮೀಟರಿಗೆ ಅದು ಗೊತ್ತಾಗುವುದೇ ಇಲ್ಲ. ಪ್ಲಗ್ ಹೊರಗೆ ತೆಗೆದು ಕಿಡಿ ನೋಡುವುದೂ ಅರ್ಧ ಸತ್ಯ. ಸಿಲಿಂಡರಿನೊಳಗಿನ ಒತ್ತಡದಲ್ಲಿ ಕಿಡಿ ಹಾರಲು ಹೊರಗಿಗಿಂತ ಹೆಚ್ಚು ವೋಲ್ಟೇಜ್ ಬೇಕು. ನನ್ನ ಉಪಾಯ ಸರಳ. ಸರಿ ಇರುವ ಇನ್ನೊಂದು ಕಾಯಿಲ್ ಜೊತೆಗಿಟ್ಟುಕೊಂಡು ಉಡುಪಿ ಕಡೆ ಹೊರಡುವುದು. ಮೂಲ್ಕಿಯಲ್ಲೋ ಪಡುಬಿದ್ರಿಯಲ್ಲೋ ಗಾಡಿ ನಿಂತಾಗ, ತಣಿಯಲು ಬಿಡದೆ ಕನೆಕ್ಷನ್ ಅದಕ್ಕೆ ಬದಲಿಸುವುದು. ಒಂದೇ ಕಿಕ್ಕಿಗೆ ಎದ್ದರೆ ಕಾಯಿಲೇ ಅಪರಾಧಿ.

ಸರಿ, ಕಾಯಿಲ್ ಹೋಗಿದೆ ಅಂತಲೇ ಇಟ್ಟುಕೊಳ್ಳಿ. ಕಾಯಿಲಿನ ಬಿರುಕಿಗೆ ಎಪಾಕ್ಸಿ ಅಂಟು ಹಚ್ಚುವುದು ಮನೆ ತಲುಪುವ ಮಟ್ಟಿಗೆ ಆದೀತು. ಒಳಗೆ ಸೇರಿದ ತೇವ ಹೊರಗೆ ಬರುವುದಿಲ್ಲ, ಹಾಗಾಗಿ ಅದು ರಿಪೇರಿ ಅಲ್ಲ. ಉಳಿದದ್ದು ಎರಡು ದಾರಿ: ಅಗ್ಗದ ಹೊಸ ಲೋಕಲ್ ಕಾಯಿಲ್, ಇಲ್ಲವೇ ಗುಜರಿಯಲ್ಲಿ ಸಿಗುವ ಹಳೆ ಒರಿಜಿನಲ್. ಲೋಕಲ್ ಕಾಯಿಲ್ ಹಾಕಿದಾಗ ಬುಲೆಟ್ ಚೆನ್ನಾಗಿಯೇ ಸ್ಟಾರ್ಟ್ ಆಯಿತು, ಸೆಖೆಗಾಲದ ದೂರದ ಓಟದಲ್ಲಿ ಮಿಸ್ ಹೊಡೆಯತೊಡಗಿತು. ಗುಜರಿಯ ಒರಿಜಿನಲ್ ನೋಡಲು ಅಸಹ್ಯ, ನಡುವಿನ ಕಬ್ಬಿಣದ ಕೋರ್ ಎಲ್ಲ ತುಕ್ಕು, ಆದರೆ ಬಿಸಿಯಲ್ಲೂ ಹಿಡಿದು ನಿಂತಿತು. ನನ್ನ ಓಟು ಗುಜರಿಗೇ. ಆದರೆ ಪ್ಲಸ್, ಮೈನಸ್ ಗುರುತು ಅಳಿಸಿದ್ದನ್ನು ತರಬೇಡಿ. ಬ್ಯಾಟರಿಯ ಮೈನಸ್ ಅರ್ತ್ ಆಗಿರುವ (ಫ್ರೇಮಿಗೆ ಕೊಟ್ಟಿರುವ) ಗಾಡಿಯಲ್ಲಿ ಕಾಯಿಲಿನ ಮೈನಸ್ ಪಾಯಿಂಟ್ ಕಡೆಗೆ ಹೋಗಬೇಕು. ಉಲ್ಟಾ ಕೊಟ್ಟರೂ ಗಾಡಿ ಓಡುತ್ತದೆ, ಕಿಡಿ ಹಾರಲು ಮಾತ್ರ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಅದಾಗಲೇ ಮುದಿಯಾದ ಕಾಯಿಲಿಗೆ ಆ ಹೊರೆ ಯಾಕೆ?

"ಯಾವ ಕಾಯಿಲೂ ಆಗುತ್ತದೆ" ಅನ್ನುವ ಅಂಗಡಿಯವರ ಮಾತು ಮಾತ್ರ ಕೇಳಲೇಬೇಡಿ. 12 ವೋಲ್ಟಿನ ಪಾಯಿಂಟ್ ಕಾಯಿಲಿನ ಪ್ರೈಮರಿ (ಕಡಿಮೆ ವೋಲ್ಟಿನ ಕಡೆಯ ತಂತಿ ಸುತ್ತು) ಸುಮಾರು 3ರಿಂದ 4 ಓಮ್ ಇರುತ್ತದೆ. ಸಿಡಿಐ ಕಾಯಿಲಿನದು ಸಾಮಾನ್ಯವಾಗಿ 1 ಓಮಿಗಿಂತಲೂ ಕಡಿಮೆ. ಅದನ್ನು ಪಾಯಿಂಟ್ ಗಾಡಿಗೆ ಹಾಕಿದರೆ ಕರೆಂಟ್ ವಿಪರೀತ ಹರಿದು ಪಾಯಿಂಟ್ ಸುಡುತ್ತದೆ. 6 ವೋಲ್ಟಿನ ಗಾಡಿಗೆ 12ರ ಕಾಯಿಲ್ ಹಾಕಿದರೆ ಕಿಡಿಯಲ್ಲಿ ಜೀವವೇ ಇರುವುದಿಲ್ಲ.

ಆರ್‌ಎಕ್ಸ್‌ನ ಕತೆ ಬೇರೆ. ಅದರ ಕಿಡಿಗೆ ಬ್ಯಾಟರಿಯೇ ಬೇಡ, ಎಂಜಿನ್ ತಿರುಗುವಾಗ ಮ್ಯಾಗ್ನೆಟೋ ಹುಟ್ಟಿಸುವ ಕರೆಂಟೇ ಸಾಕು. ಹಾಗಾಗಿ ಹುಡುಕಾಟ ಮ್ಯಾಗ್ನೆಟೋ, ಸಿಡಿಐ, ಅರ್ತ್ ಎಲ್ಲ ಸುತ್ತಿ ಬರಬೇಕು. ಕಳೆದ ಮಳೆಗಾಲ ಭಾವ ಮೆಕ್ಯಾನಿಕ್ ಮಾತು ಕೇಳಿ ಒರಿಜಿನಲ್ ಕಾಯಿಲನ್ನೇ ಕೊಂಡು ತಂದರು. ಟ್ಯಾಂಕ್ ಇಳಿಸಿ ನೋಡಿದರೆ ಕಾಯಿಲ್ ಕೂತ ಜಾಗದಲ್ಲಿ ಅರ್ತ್ ಪೂರ್ತಿ ತುಕ್ಕು. ಸ್ಯಾಂಡ್‌ಪೇಪರ್ ಉಜ್ಜಿ ಬೋಲ್ಟ್ ಬಿಗಿ ಮಾಡಿದ್ದೇ ತಡ, ಹಳೆ ಕಾಯಿಲಿನಲ್ಲೇ ಗಾಡಿ ಎದ್ದಿತು. ಹೊಸದು ಇನ್ನೂ ಡಬ್ಬದಲ್ಲೇ ಇದೆ. ಎಲೆಕ್ಟ್ರಿಕಲ್ ಸಾಮಾನನ್ನು ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ ಅಲ್ವಾ.