ಡಿಸ್ಕು ಮೊದಲು, ಪ್ರೊಸೆಸರ್ ಕೊನೆಗೆ: ನಾನೇ ಜೋಡಿಸಿದ ನ್ಯಾಸ್ ಹೇಗಿದೆ?

ಮನೆಗೊಂದು ನ್ಯಾಸ್, ಅಂದರೆ ಮನೆಯವರೆಲ್ಲ ನೆಟ್‌ವರ್ಕಿನ ಮೇಲೆ ಬಳಸುವ ಡಿಸ್ಕುಗಳ ಪೆಟ್ಟಿಗೆ, ಬೇಕು ಅಂತ ಹೊರಟವರು ಮೊದಲು ಪ್ರೊಸೆಸರ್ ಬಗ್ಗೆ ಕೇಳುತ್ತಾರೆ. ಅದನ್ನು ಕೊನೆಗೆ ಕೇಳಬೇಕು ಅನ್ನುವುದು ನನ್ನ ವಾದ. ಮೊದಲು ಡಿಸ್ಕು. ಆಮೇಲೆ ಡಿಸ್ಕು ಕೂರುವ ಕ್ಯಾಬಿನೆಟ್ಟು. ಆಮೇಲೆ ಕರೆಂಟು ಕೊಡುವ ಪವರ್ ಸಪ್ಲೈ. ಈ ಮೂರು ಸರಿಯಾಗಿದ್ದರೆ ಮಿಕ್ಕಿದ್ದು ಹೇಗೋ ನಡೆಯುತ್ತದೆ.

ನನ್ನ ಅಗತ್ಯ ದೊಡ್ಡದೇನಲ್ಲ. ಹಕ್ಕಿ ಫೋಟೊ ತೆಗೆಯುವ ಹುಚ್ಚಿದೆ, ಹಾಗಾಗಿ ರಾ ಫೈಲುಗಳ (ಕ್ಯಾಮೆರಾ ಸಂಸ್ಕರಿಸದೆ ಕೊಡುವ ದೊಡ್ಡ ಫೈಲುಗಳು) ರಾಶಿ ಇದೆ. ಅಪ್ಪ ಹಳೇ ಕ್ಯಾಮ್‌ಕಾರ್ಡರಿನಲ್ಲಿ ತೆಗೆದ ಟೇಪುಗಳನ್ನು ಡಿಜಿಟಲ್ ಮಾಡಿ ಇಟ್ಟಿದ್ದೇನೆ. ಮನೆಯ ಲ್ಯಾಪ್‌ಟಾಪುಗಳ ಬ್ಯಾಕಪ್ಪೂ ಅಲ್ಲಿಗೇ ಹೋಗಬೇಕು. ರಾತ್ರಿ ಟಿವಿಯಲ್ಲಿ ಒಂದು ಸಿನಿಮಾ ತಡವರಿಸದೆ ಓಡಬೇಕು. ಇಷ್ಟೇ. ಇದಕ್ಕಾಗಿ ಇಂಟೆಲ್ ಎನ್‌100 ಪ್ರೊಸೆಸರ್ ಇರುವ ಒಂದು ಮಿನಿ ಐಟಿಎಕ್ಸ್ (ಚಿಕ್ಕ ಅಳತೆಯ) ಬೋರ್ಡು, ಫ್ರ್ಯಾಕ್ಟಲ್ ಡಿಸೈನ್ ಕಂಪನಿಯ ನೋಡ್ 304 ಕ್ಯಾಬಿನೆಟ್ಟು, 8 ಟಿಬಿಯ ನಾಲ್ಕು ಡಿಸ್ಕು, 300 ವ್ಯಾಟಿನ ಪವರ್ ಸಪ್ಲೈ ತಂದು ಜೋಡಿಸಿದೆ. ಒಳಗೆ ನ್ಯಾಸ್‌ಗಾಗಿಯೇ ಇರುವ ಟ್ರೂನ್ಯಾಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಓಡುತ್ತಿದೆ.

ರೆಡಿಮೇಡ್ ಪೆಟ್ಟಿಗೆ ಯಾಕೆ ಬೇಡ ಅಂದೆ? ಅವು ಕೆಟ್ಟವು ಅಂತಲ್ಲ. ಪೆಟ್ಟಿಗೆ ಮಾರಿದವರ ಮರ್ಜಿಗೆ ಬೀಳುವುದು ನನಗೆ ಇಷ್ಟವಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ರೆಡಿಮೇಡ್ ನ್ಯಾಸ್ ಮಾರುವ ಸಿನಾಲಜಿ ತನ್ನ ಹೊಸ ಪ್ಲಸ್ ಮಾಡೆಲ್‌ಗಳಿಗೆ ತಾನು ಒಪ್ಪಿದ ಡಿಸ್ಕುಗಳನ್ನೇ ಹಾಕಬೇಕು ಎಂದಿತು. ಬಳಸುವವರು ಗಲಾಟೆ ಎಬ್ಬಿಸಿದರು. ಅದೇ ಅಕ್ಟೋಬರ್‌ನಲ್ಲಿ ಡಿಎಸ್‌ಎಂ 7.3 ಅನ್ನುವ ಅದರ ಸಾಫ್ಟ್‌ವೇರ್ ಆವೃತ್ತಿಯ ಜೊತೆ ನಿಯಮ ಸಡಿಲವಾಯಿತು. ಸಡಿಲವಾಗಿದ್ದು ಒಳ್ಳೆಯದೇ. ಆದರೆ ಯಾವ ಡಿಸ್ಕು ಹಾಕಬೇಕು ಅನ್ನುವುದನ್ನು ಇನ್ನೊಬ್ಬರು ತೀರ್ಮಾನ ಮಾಡಬಹುದು ಅಂತ ಗೊತ್ತಾಯಿತಲ್ಲ, ನನಗೆ ಅಷ್ಟು ಸಾಕಾಯಿತು.

ಈಗ ಡಿಸ್ಕಿನ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಮೊದಲು ನೋಡಬೇಕಾದ್ದು ಡಿಸ್ಕು ಸಿಎಂಆರ್ ಬಗೆಯದೋ, ಎಸ್‌ಎಂಆರ್ ಬಗೆಯದೋ ಅಂತ. ಸಿಎಂಆರ್‌ನಲ್ಲಿ ಡೇಟಾ ಬರೆಯುವ ಟ್ರ್ಯಾಕುಗಳು (ವೃತ್ತಾಕಾರದ ಸಾಲುಗಳು) ಒಂದಕ್ಕೊಂದು ತಾಗದೆ ಬೇರೆ ಬೇರೆ ಇರುತ್ತವೆ. ಎಸ್‌ಎಂಆರ್‌ನಲ್ಲಿ ಟ್ರ್ಯಾಕುಗಳು ಮಾಡಿನ ಹೆಂಚಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತವೆ. ಜಾಗ ಉಳಿಯುತ್ತದೆ, ಓದುವಾಗ ತೊಂದರೆಯಿಲ್ಲ. ಆದರೆ ಮಧ್ಯದ ಒಂದು ಟ್ರ್ಯಾಕಿಗೆ ತಿರುಗಿ ಬರೆಯಬೇಕಾದರೆ ಅದರ ಮುಂದಿನ ಸಾಲನ್ನೂ ಎತ್ತಿ ಮತ್ತೆ ಬರೆಯಬೇಕು. ದಿನನಿತ್ಯದ ಬಳಕೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಒಂದು ಡಿಸ್ಕು ಸತ್ತು, ಹೊಸದನ್ನು ಹಾಕಿ, ಎಲ್ಲ ಡೇಟಾವನ್ನೂ ಅದಕ್ಕೆ ತುಂಬುವಾಗ ಗೊತ್ತಾಗುತ್ತದೆ. ಗಂಟೆಗಳಲ್ಲಿ ಮುಗಿಯುವ ಕೆಲಸ ದಿನಗಟ್ಟಲೆ ಎಳೆಯುತ್ತದೆ. ಕೆಲವೊಮ್ಮೆ ಡಿಸ್ಕು ಉತ್ತರ ಕೊಡುವುದು ತಡವಾಗಿ, ಅದೂ ಸತ್ತಿದೆ ಅಂತ ಸಿಸ್ಟಂ ಹೊರಗೆ ಹಾಕಿಬಿಡುತ್ತದೆ. ಪೆಟ್ಟಿಗೆಯ ಮೇಲೆ ನ್ಯಾಸ್ ಅಂತ ಬರೆದಿದ್ದರೆ ಸಾಕು ಅಂತಲೂ ಅಂದುಕೊಳ್ಳಬೇಡಿ. ವೆಸ್ಟರ್ನ್ ಡಿಜಿಟಲ್ ಕಂಪನಿಯ ರೆಡ್ ಸಾಲಿನ 2ರಿಂದ 6 ಟಿಬಿವರೆಗಿನ ಕೆಲವು ಡಿಸ್ಕುಗಳು ಎಸ್‌ಎಂಆರ್ ಅನ್ನುವುದು ಹೊರಬಿದ್ದದ್ದು 2020ರಲ್ಲಿ. ಆಮೇಲೆಯೇ ಸಿಎಂಆರ್ ಡಿಸ್ಕುಗಳಿಗೆ ರೆಡ್ ಪ್ಲಸ್ ಅನ್ನುವ ಬೇರೆ ಹೆಸರು ಬಂತು. ಹಾಗಾಗಿ ಸುಮ್ನೆ ಹೆಸರು ನೋಡಿ ತರಬೇಡಿ. ಪೂರ್ತಿ ಮಾಡೆಲ್ ನಂಬರ್ ಹಿಡಿದು ಕಂಪನಿಯ ಸ್ಪೆಕ್ ಶೀಟಿನಲ್ಲಿ ಹುಡುಕಿ.

ಎರಡನೆಯದು, ತಪ್ಪು ಬಂದಾಗ ಡಿಸ್ಕು ಏನು ಮಾಡುತ್ತದೆ ಅನ್ನುವುದು. ಡೆಸ್ಕ್‌ಟಾಪ್ ಡಿಸ್ಕು ಒಂದು ಸೆಕ್ಟರ್ (ಡಿಸ್ಕಿನ ಚಿಕ್ಕ ತುಣುಕು) ಓದಲಾಗದಿದ್ದರೆ ಹಟ ಹಿಡಿದು ಬಹಳ ಹೊತ್ತು ಪ್ರಯತ್ನಿಸುತ್ತಲೇ ಇರುತ್ತದೆ. ಅದರ ಪಾಲಿಗೆ ಬೇರೆ ಪ್ರತಿ ಇಲ್ಲ, ಹಾಗಾಗಿ ಅದು ಸರಿಯೇ. ನ್ಯಾಸ್ ಡಿಸ್ಕು ಸುಮಾರು 7 ಸೆಕೆಂಡಿಗೆ ಕೈಬಿಟ್ಟು "ಆಗಲಿಲ್ಲ" ಅಂತ ಹೇಳುತ್ತದೆ. ಸಿಸ್ಟಂ ಇನ್ನೊಂದು ಡಿಸ್ಕಿನಿಂದ ಅದೇ ಡೇಟಾ ತೆಗೆದುಕೊಂಡು ಮುಂದೆ ಹೋಗುತ್ತದೆ. ರೆಡ್ ಪ್ಲಸ್, ಸೀಗೇಟ್ ಐರನ್‌ವುಲ್ಫ್, ತೋಷಿಬಾ ಎನ್300 ಮೂರೂ ಈ ಜಾತಿಯವು.

ಮೂರನೆಯದು ಸದ್ದು. ಪೆಟ್ಟಿಗೆ ನಾನು ಕೂತು ಕೆಲಸ ಮಾಡುವ ಕೋಣೆಯಲ್ಲೇ ಇದೆ. 7200 ಆರ್‌ಪಿಎಂ ಡಿಸ್ಕು ಸ್ವಲ್ಪ ವೇಗ ಹೌದು, ಆದರೆ ಬಿಸಿಯೂ ಹೆಚ್ಚು, ಸದ್ದೂ ಹೆಚ್ಚು. ನಾನು 5400ರ ಆಸುಪಾಸಿನಲ್ಲಿ ತಿರುಗುವವನ್ನೇ ಆರಿಸಿದೆ. ನೆಟ್‌ವರ್ಕಿನ ಮೇಲೆ ಆ ವ್ಯತ್ಯಾಸ ನನಗೆ ಕಾಣಿಸಿಲ್ಲ.

ನಾಲ್ಕನ್ನೂ ಒಂದೇ ಕಡೆ, ಒಂದೇ ಕಂಪನಿಯದ್ದು ತರಲಿಲ್ಲ. ಎರಡೆರಡರ ಜೋಡಿ ಮಾಡಿ ಮಿರರ್ ಹಾಕಿದ್ದೇನೆ, ಅಂದರೆ ಜೋಡಿಯ ಎರಡರಲ್ಲೂ ಅದೇ ಡೇಟಾ ಇರುತ್ತದೆ. ಪ್ರತಿ ಜೋಡಿಯಲ್ಲೂ ಒಂದು ಒಂದು ಕಂಪನಿಯದು, ಇನ್ನೊಂದು ಮತ್ತೊಂದರದು. ಒಂದೇ ಬ್ಯಾಚಿನ ದೋಷ ಎರಡನ್ನೂ ಒಟ್ಟಿಗೆ ಕೆಡಿಸದಿರಲಿ ಅಂತ. 32 ಟಿಬಿ ಕೊಂಡು 16 ಟಿಬಿ ಬಳಸುವುದು ದಂಡ ಅಲ್ವಾ ಅಂತ ಹೆಂಡತಿ ಕೇಳಿದಳು. ಅದೂ 16 ಅಂತ ಕಾಣುವುದಿಲ್ಲ. 8 ಟಿಬಿ ಡಿಸ್ಕು 1024ರ ಲೆಕ್ಕದಲ್ಲಿ 7.28 ಆಗುತ್ತದೆ, ಹಾಗಾಗಿ ಪರದೆ ಮೇಲೆ ಬರುವುದು 14.5. ರೇಡ್‌ಝಡ್2 (ಡೇಟಾವನ್ನು ಎಲ್ಲ ಡಿಸ್ಕಿಗೂ ಹಂಚಿ, ಎರಡು ಡಿಸ್ಕಿನಷ್ಟು ಜಾಗವನ್ನು ರಕ್ಷಣೆಗೆ ಇಡುವ ಬಗೆ) ಹಾಕಿದ್ದರೂ ನಾಲ್ಕು ಡಿಸ್ಕಿಗೆ ಸಿಗುವ ಜಾಗ ಹೆಚ್ಚುಕಡಿಮೆ ಅಷ್ಟೇ. ಅದರಲ್ಲಿ ಯಾವ ಎರಡು ಸತ್ತರೂ ಡೇಟಾ ಉಳಿಯುತ್ತದೆ. ಮಿರರ್‌ನಲ್ಲಿ ಒಂದೇ ಜೋಡಿಯ ಎರಡೂ ಸತ್ತರೆ ಎಲ್ಲವೂ ಹೋಯಿತು. ಆದರೂ ಮಿರರ್ ಯಾಕೆ? ಹೊಸ ಡಿಸ್ಕಿಗೆ ತುಂಬುವುದು ನೇರ ನಕಲು, ಬೇಗ ಮುಗಿಯುತ್ತದೆ. ಮುಂದೆ ಜಾಗ ಬೇಕಾದಾಗ ಎರಡೇ ಡಿಸ್ಕು ತಂದರೆ ಸಾಕು. ರೇಡ್‌ಝಡ್‌ಗೆ ಒಂದೊಂದೇ ಡಿಸ್ಕು ಸೇರಿಸುವ ಸೌಲಭ್ಯ, ಟ್ರೂನ್ಯಾಸ್ ಬಳಸುವ ಫೈಲ್ ಸಿಸ್ಟಂ ಆದ ಓಪನ್‌ಝಡ್‌ಎಫ್‌ಎಸ್ 2.3ರಲ್ಲಿ, 2025ರ ಜನವರಿಯಲ್ಲಿ ಬಂದಿದೆ. ನನಗೆ ಹಳೇ ದಾರಿಯೇ ಇಷ್ಟ.

ಬಂದ ಡಿಸ್ಕುಗಳಲ್ಲಿ ಒಂದನ್ನು ಮಾರಿದವರು ತೆಳ್ಳನೆ ಗುಳ್ಳೆ ಪ್ಲಾಸ್ಟಿಕ್ ಸುತ್ತಿ, ದೊಡ್ಡ ಡಬ್ಬಿಯಲ್ಲಿ ಕುಲುಕುವ ಹಾಗೆ ಕಳಿಸಿದ್ದರು. ನೋಡಿದರೆ ಚೆನ್ನಾಗಿಯೇ ಇತ್ತು, ಸ್ಮಾರ್ಟ್ ವರದಿಯೂ (ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಲೆಕ್ಕ) ಸ್ವಚ್ಛ. ಬ್ಯಾಡ್‌ಬ್ಲಾಕ್ಸ್ ಅನ್ನುವ ಡಿಸ್ಕು ಪರೀಕ್ಷಿಸುವ ಪ್ರೋಗ್ರಾಂ ಓಡಿಸಿದ ಮೇಲೆ ಆ ವರದಿಯ 197ನೇ ಸಾಲು, ಅಂದರೆ ಓದಲಾಗದೆ ಅನುಮಾನಕ್ಕೆ ಬಿದ್ದ ಪೆಂಡಿಂಗ್ ಸೆಕ್ಟರ್‌ಗಳ ಲೆಕ್ಕ, ಸೊನ್ನೆಯಿಂದ ಮೇಲೇರಿತು. ವಾಪಸ್ ಕಳಿಸಿದೆ. ಅವರು ಸ್ವಲ್ಪ ಗೊಣಗಿ ಬದಲಿಸಿ ಕೊಟ್ಟರು. ಹೊಸ ಡಿಸ್ಕನ್ನು ಸೀದಾ ಬಳಸಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಬ್ಯಾಡ್‌ಬ್ಲಾಕ್ಸ್ ನಾಲ್ಕು ಬಗೆಯ ನಮೂನೆ ಬರೆದು, ನಾಲ್ಕನ್ನೂ ಓದಿ ನೋಡುತ್ತದೆ. 8 ಟಿಬಿ ಡಿಸ್ಕಿಗೆ ಬರೆಯುವ ಅಥವಾ ಓದುವ ಒಂದು ಸುತ್ತಿಗೆ ಅರ್ಧ ದಿನ ಹಿಡಿದರೆ ಎಂಟು ಸುತ್ತಿಗೆ ಒಟ್ಟು ನಾಲ್ಕು ದಿನ. ಅದು ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸುತ್ತದೆ, ಖಾಲಿ ಡಿಸ್ಕಿಗೆ ಮಾತ್ರ ಹಾಕಿ. ಹಾಗೇ 199ನೇ ಸಾಲು, ಅಂದರೆ ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ, ಏರುತ್ತಿದ್ದರೆ ಡಿಸ್ಕನ್ನು ಬೈಯುವ ಮೊದಲು ಅದನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ ನೋಡಿ. ಹೆಚ್ಚಿನ ಸಲ ಅದೇ ಕಳ್ಳ.

ಹೊರಗಿನ ಯುಎಸ್‌ಬಿ ಡ್ರೈವ್ ಒಡೆದು ಒಳಗಿನ ಡಿಸ್ಕು ತೆಗೆದು ಹಾಕುವವರಿದ್ದಾರೆ. ಕೆಲವು ಹಾಗೆ ತೆಗೆದವು ತಿರುಗುವುದೇ ಇಲ್ಲ. ಸಾಟಾ ಪವರ್ ಕನೆಕ್ಟರಿನ ಮೂರನೇ ಪಿನ್ನಿಗೆ 3.3 ವೋಲ್ಟ್ ಬಂದರೆ ಆರಿಹೋಗು ಅಂತ ಹೊಸ ಸ್ಪೆಕ್ ಹೇಳುತ್ತದೆ, ಹಳೇ ಪವರ್ ಸಪ್ಲೈಗಳು ಅದನ್ನು ಸದಾ ಕೊಡುತ್ತಲೇ ಇರುತ್ತವೆ. ಆ ಪಿನ್ನಿಗೆ ಕರೆಂಟು ಹಾಯದ ಕ್ಯಾಪ್ಟಾನ್ ಟೇಪು ಅಂಟಿಸಿದರೆ ಆಯಿತು. ಕೆಟ್ಟಿದೆ ಅಂತ ಬಿಸಾಡಬೇಡಿ.

ಪವರ್ ಸಪ್ಲೈ ಆರಿಸುವಾಗ ಎರಡು ಲೆಕ್ಕ ಬೇಕು. ಆನ್ ಮಾಡಿದ ಕ್ಷಣದಲ್ಲಿ ಒಂದು 3.5 ಇಂಚಿನ ಡಿಸ್ಕು 12 ವೋಲ್ಟಿನಲ್ಲಿ ಸುಮಾರು 2 ಆಂಪ್ ಎಳೆಯುತ್ತದೆ. ನಾಲ್ಕಕ್ಕೆ ಹತ್ತಿರ ಹತ್ತಿರ 100 ವ್ಯಾಟ್. ಆಮೇಲೆ ಇಳಿದು ಡಿಸ್ಕಿಗೆ ನಾಲ್ಕೈದು ವ್ಯಾಟಿಗೆ ಬರುತ್ತದೆ. ಸರಾಸರಿ ನೋಡಿ ತೀರಾ ಚಿಕ್ಕದನ್ನು ತಂದರೆ ಪೆಟ್ಟಿಗೆ ಆನ್ ಆಗುವಾಗಲೇ ಮುಗ್ಗರಿಸುತ್ತದೆ. ಇನ್ನು ಕೆಲವರು ಮನೆಯಲ್ಲಿದ್ದ 650 ವ್ಯಾಟಿನದ್ದನ್ನೇ ಹಾಕಿ, ಗೋಲ್ಡ್ ರೇಟಿಂಗ್ ಇದೆ ಅಂತ ಸಮಾಧಾನ ಪಡುತ್ತಾರೆ. 80 ಪ್ಲಸ್ ಗೋಲ್ಡ್ ಅನ್ನುವ ಈ ರೇಟಿಂಗ್ ದಕ್ಷತೆ ಅಳೆಯುವುದು ಶೇ. 20, 50, 100 ಲೋಡಿನಲ್ಲಿ. 650 ವ್ಯಾಟಿನದ್ದರ ಮೇಲೆ ನಮ್ಮಂಥ ಪೆಟ್ಟಿಗೆ ದಿನವಿಡೀ ಇರುವುದು ಶೇ. 5ರ ಹತ್ತಿರ. ಅಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದಕ್ಕೂ ಆ ಚಿನ್ನದ ಚೀಟಿಗೂ ಸಂಬಂಧವೇ ಇಲ್ಲ. ನನ್ನ 300 ವ್ಯಾಟಿನದ್ದು ಸಾಕಷ್ಟು ಚಿಕ್ಕದು, ನಾಲ್ಕು ಡಿಸ್ಕನ್ನು ಎಬ್ಬಿಸುವಷ್ಟು ದೊಡ್ಡದು. ನಾಲ್ಕೂ ತಿರುಗುತ್ತಾ ಸುಮ್ಮನಿದ್ದಾಗ ಗೋಡೆಯ ಮೀಟರು 35 ವ್ಯಾಟಿನ ಆಸುಪಾಸು ತೋರಿಸುತ್ತದೆ. ವರ್ಷವಿಡೀ ಓಡಿದರೆ 307 ಯೂನಿಟ್. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿ, ಡಿಸ್ಕಿನ ಜೊತೆ ಇದೂ ಖರ್ಚೇ.

ಸಾಟಾ ಪವರ್ ಕನೆಕ್ಟರ್ ಸಾಲದೆ, ಹಳೇ ಬಗೆಯ ನಾಲ್ಕು ಪಿನ್ನಿನ ಕನೆಕ್ಟರಾದ ಮೋಲೆಕ್ಸ್‌ನಿಂದ ಬದಲಿಸುವ ಅಡಾಪ್ಟರ್ ತರುವುದಾದರೆ, ಪ್ಲಾಸ್ಟಿಕ್ ಕರಗಿಸಿ ಎರಕ ಹೊಯ್ದಂಥವನ್ನು ಮುಟ್ಟಬೇಡಿ. ಒಳಗೆ ತಂತಿ ತಂತಿ ಹತ್ತಿರ ಬಂದು ಸುಟ್ಟುಹೋದ ಉದಾಹರಣೆಗಳಿವೆ. ತಂತಿಗಳು ಬೇರೆ ಬೇರೆ ಕಾಣುವ, ಕ್ರಿಂಪ್ ಮಾಡಿದವು, ಅಂದರೆ ಒತ್ತಿ ಕೂರಿಸಿದವು, ಸಿಗುತ್ತವೆ.

ನೋಡ್ 304 ಚೆನ್ನಾಗಿದೆ. ಆರು ಡಿಸ್ಕು ಹಿಡಿಯುತ್ತದೆ, ಮುಂದೆ 92 ಮಿ.ಮೀ.ನ ಎರಡು ಫ್ಯಾನು, ಹಿಂದೆ 140 ಮಿ.ಮೀ.ನ ಒಂದು. ಎಷ್ಟು ಸೆಕೆಯಿದ್ದರೂ ನನ್ನ ಡಿಸ್ಕುಗಳು 45 ಡಿಗ್ರಿ ದಾಟಿಲ್ಲ. ಹಾಟ್ ಸ್ವಾಪ್, ಅಂದರೆ ಓಡುತ್ತಿರುವಾಗಲೇ ಡಿಸ್ಕು ಬದಲಿಸುವ ಸೌಕರ್ಯ, ಇಲ್ಲ. ಡಿಸ್ಕು ಬದಲಿಸಬೇಕಾದರೆ ಆಫ್ ಮಾಡಿ, ಮುಚ್ಚಳ ತೆಗೆದು, ಬ್ರಾಕೆಟ್ ಬಿಚ್ಚಬೇಕು. ಮನೆಯಲ್ಲಿ ಹತ್ತು ನಿಮಿಷ ನಿಂತರೆ ಯಾರ ಗಂಟು ಹೋಗುತ್ತದೆ? ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ಕಾಣುವ ಕಡೆ ಬರೆದು ಅಂಟಿಸಿ. ಸತ್ತ ಡಿಸ್ಕಿನ ಬದಲು ಬದುಕಿದ್ದನ್ನು ಎಳೆದರೆ ಮಿರರ್‌ಗೆ ಅರ್ಥವಿರುವುದಿಲ್ಲ.

ಈಗ ಬೋರ್ಡು. ನಾನು ತಂದದ್ದು ಹೆಸರು ಹೇಳಿದರೆ ಯಾರಿಗೂ ಗೊತ್ತಾಗದ ಸಣ್ಣ ತಯಾರಕರದು. ಆರು ಸಾಟಾ, ನಾಲ್ಕು 2.5 ಗಿಗಾಬಿಟ್ ನೆಟ್‌ವರ್ಕ್ ಪೋರ್ಟು, ಎಸ್‌ಎಸ್‌ಡಿ ಕೂರಿಸುವ ಎರಡು ಎಂ.2 ಜಾಗ. ಎನ್‌100ಕ್ಕೆ ಇರುವುದು ಒಟ್ಟು 9 ಪಿಸಿಐಇ 3.0 ಲೇನು, ಅಂದರೆ ಡೇಟಾ ಓಡಾಡುವ ದಾರಿಗಳು. ಅದರಲ್ಲಿ ನಾಲ್ಕು ನೆಟ್‌ವರ್ಕಿಗೆ, ಸಾಟಾ ಪೋರ್ಟು ಕೊಡುವ ಜೆಎಂಬಿ585 ಚಿಪ್ಪಿಗೆ ಎರಡು, ಎಂ.2ಗಳಿಗೆ ಒಂದೊಂದು. ಉಳಿದದ್ದು ಒಂದು. ಹಾಗಾಗಿ ವೇಗದ ಎಸ್‌ಎಸ್‌ಡಿ ಹಾಕಿದರೆ ಇಲ್ಲಿ ದುಡ್ಡು ದಂಡ. ಒಂದೇ ಲೇನಿನಲ್ಲಿ ಸೆಕೆಂಡಿಗೆ 1 ಜಿಬಿಗಿಂತ ಕಡಿಮೆ. ಟ್ರೂನ್ಯಾಸ್ ಬೂಟ್ ಮಾಡಲು ಅತಿ ಚಿಕ್ಕ ಎಸ್‌ಎಸ್‌ಡಿ ಸಾಕು. ಬೋರ್ಡಿನ ಬಗ್ಗೆ ನನ್ನ ದೂರು ಎರಡು. ಬಯಾಸ್ (ಬೋರ್ಡನ್ನು ಎಬ್ಬಿಸುವ ತಂತ್ರಾಂಶ) ಅಪ್‌ಡೇಟ್ ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ಮಾರಿದವರಿಂದ ಉತ್ತರ ಬರಲಿಲ್ಲ. ಮತ್ತೆ, ಜೆಎಂಬಿ585 ಇರುವ ಕಡೆ ಪ್ರೊಸೆಸರ್ ಆಳವಾದ ನಿದ್ದೆಗೆ ಇಳಿಯುವುದಿಲ್ಲ, ಕೆಲವು ವ್ಯಾಟ್ ಸುಮ್ನೆ ಹೋಗುತ್ತದೆ. ಎಎಸ್‌ಎಂ1166 ಚಿಪ್ಪಿರುವ ಬೋರ್ಡು ಸಿಕ್ಕರೆ ಅದನ್ನೇ ತನ್ನಿ.

ಪ್ರೊಸೆಸರ್ ಬಗ್ಗೆ ಹೇಳುವುದು ಕಡಿಮೆ. ನಾಲ್ಕು ಕೋರ್, 6 ವ್ಯಾಟ್. ಫೈಲು ಹಂಚುವಾಗ ಅದಕ್ಕೆ ಬೆವರೇ ಬರುವುದಿಲ್ಲ. ವಿಡಿಯೊಗಾಗಿಯೇ ಇರುವ ಕ್ವಿಕ್ ಸಿಂಕ್ ಭಾಗ ಇರುವುದರಿಂದ ಟಿವಿಗೆ ವಿಡಿಯೊ ಪರಿವರ್ತನೆಯೂ ಸಲೀಸು. ಮೆಮೊರಿ ಇಂಟೆಲ್ ಲೆಕ್ಕದಲ್ಲಿ 16 ಜಿಬಿವರೆಗೆ, ನಾನು ಅಷ್ಟೇ ಹಾಕಿದ್ದೇನೆ. ಝಡ್‌ಎಫ್‌ಎಸ್‌ಗೆ ಡಿಸ್ಕಿನ ಪ್ರತಿ ಟಿಬಿಗೊಂದು ಜಿಬಿ ರಾಮ್ ಬೇಕು ಅಂತ ಹೇಳುವ ಮಾತು ಮನೆ ಬಳಕೆಗೆ ಅನ್ವಯಿಸುವುದಿಲ್ಲ. ತನ್ನ ತಪ್ಪು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ ಇಲ್ಲಿ ಹಾಕಲಾಗುವುದಿಲ್ಲ. ಅದು ಬೇಕೇ ಬೇಕು ಅನ್ನುವವರು ಎನ್‌100 ಬಿಟ್ಟು ಬೇರೆ ಬೋರ್ಡು ನೋಡಬೇಕು. ಇದ್ದರೆ ಒಳ್ಳೆಯದು, ಇಲ್ಲ ಅಂತ ಝಡ್‌ಎಫ್‌ಎಸ್ ಬಿಡುವಂಥದ್ದೇನಿಲ್ಲ.

2.5 ಗಿಗಾಬಿಟ್ ಮಾತ್ರ ದುಡ್ಡಿಗೆ ತಕ್ಕದ್ದು. ಸಾದಾ ಗಿಗಾಬಿಟ್‌ನಲ್ಲಿ ಸೆಕೆಂಡಿಗೆ 110 ಎಂಬಿ ಸುತ್ತಮುತ್ತ, ಇದರಲ್ಲಿ 280ರವರೆಗೆ. ರಾ ಫೈಲುಗಳ ಫೋಲ್ಡರ್ ತೆರೆದಾಗ ಕಣ್ಣಿಗೇ ಗೊತ್ತಾಗುತ್ತದೆ. ಗೋಡೆಯೊಳಗಿನ ಹಳೇ ಕ್ಯಾಟ್ 5ಇ ವೈರೇ ಸಾಕು, ಸ್ವಿಚ್ ಮಾತ್ರ ಹೊಸದು ಬೇಕು.

ಇಷ್ಟೆಲ್ಲ ಜೋಡಿಸಿದ ಮೇಲೂ ಇದು ಬ್ಯಾಕಪ್ ಆಗುವುದಿಲ್ಲ. ಗೊತ್ತಿಲ್ಲದೆ ಫೋಲ್ಡರ್ ಅಳಿಸಿದರೆ ಎರಡು ಡಿಸ್ಕಿನಿಂದಲೂ ಅಳಿಯುತ್ತದೆ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನುವ ರ‍್ಯಾನ್ಸಮ್‌ವೇರ್, ಇಂಟರ್‌ನೆಟ್ಟಿಗೆ ನೇರ ತೆರೆದಿಟ್ಟ ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಪೆಟ್ಟಿಗೆಗಳಿಗೆ ನುಗ್ಗಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತ್ತು. ರೌಟರಿನಲ್ಲಿ ಪೋರ್ಟ್ ತೆರೆಯಬೇಡಿ, ಹೊರಗಿನಿಂದ ಬೇಕಿದ್ದರೆ ವಿಪಿಎನ್ ಹಾಕಿ. ನಾನು ಫೋಟೊ ಮತ್ತು ಅಪ್ಪನ ಟೇಪುಗಳನ್ನು ಒಂದು ಯುಎಸ್‌ಬಿ ಡ್ರೈವಿಗೆ ನಕಲು ಮಾಡಿ ತಂಗಿಯ ಮನೆಯಲ್ಲಿ ಇಟ್ಟಿರುತ್ತೇನೆ. ಆ ಡ್ರೈವ್ ಎಸ್‌ಎಂಆರ್. ಒಮ್ಮೆ ಬರೆದು ಕಪಾಟಿನಲ್ಲಿ ಇಡುವ ಕೆಲಸಕ್ಕೆ ಅದೇ ಸರಿ, ಕಡಿಮೆ ದುಡ್ಡಿಗೂ ಸಿಗುತ್ತದೆ.