ಬೇಸಿಗೆಯ ಸಂಗೀತ ಕಾರ್ಯಕ್ರಮ: ಕಂಠೀರವವೋ, ಅಶೋಕನಗರವೋ, ಅರಮನೆ ಮೈದಾನವೋ?

ಏಪ್ರಿಲ್, ಮೇ ತಿಂಗಳಲ್ಲಿ ಸಂಗೀತ ಕಾರ್ಯಕ್ರಮ ನಡೆಸಲು ಬೆಂಗಳೂರಿನ ಈ ಮೂರು ಜಾಗಗಳಲ್ಲಿ ಯಾವುದನ್ನು ಆರಿಸಬೇಕೆಂದು ಕೇಳಿದ್ದೀರಿ. ಎಲ್ಲಕ್ಕಿಂತ ಮೊದಲು ನೋಡಬೇಕಾದುದು ನೆಲವನ್ನು. ಕಂಠೀರವ ಕ್ರೀಡಾಂಗಣದಲ್ಲಿರುವುದು ಜೀವಂತ ಹುಲ್ಲು. ಅದರ ಮೇಲೆ ಹಲಗೆ ಹಾಸಿದರೆ ಬೆಳಕು, ಗಾಳಿ ಸಿಗದೆ ಕೆಲವೇ ದಿನಗಳಲ್ಲಿ ಹಳದಿಗಟ್ಟುತ್ತದೆ, ಸಾವಿರಾರು ಕಾಲುಗಳ ತುಳಿತಕ್ಕೆ ಮಣ್ಣು ಗಟ್ಟಿಯಾಗಿ ನೀರು ಬೇರಿಗೆ ಇಳಿಯುವುದಿಲ್ಲ, ಅಷ್ಟರಲ್ಲಿ ಒಂದು ಗುಡುಗುಮಳೆ ಸುರಿದರೆ ಲಾರಿ ಚಕ್ರದ ಅಚ್ಚು ಗುಂಡಿಯಾಗಿ ಉಳಿಯುತ್ತದೆ. ಸುತ್ತಲಿನ ಸಿಂಥೆಟಿಕ್ ಟ್ರ್ಯಾಕನ್ನೂ ಕಾಯಬೇಕು. ಓಟ ಕಲಿಯುವ ಮಕ್ಕಳಿಗೆ ಬೇಸಿಗೆ ರಜೆಯೇ ಅಭ್ಯಾಸದ ಕಾಲವೆಂಬುದು ನನಗೆ ಬಹಳ ಮುಖ್ಯ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಕೃತಕ ಹುಲ್ಲು ಬಾಡುವುದಿಲ್ಲ, ಆದರೆ ಕ್ರೇನಿನ ಭಾರಕ್ಕೆ ಅಡಿಪದರ ಕುಸಿದರೆ ದುರಸ್ತಿ ಸುಲಭವಲ್ಲ.

ವೆಚ್ಚದಲ್ಲಿ ಕ್ರೀಡಾಂಗಣಗಳಿಗೆ ಅನುಕೂಲವಿದೆ: ಆಸನ, ಶೌಚಾಲಯ, ದ್ವಾರಗಳು ಸಿದ್ಧವಾಗಿವೆ, ಕಂಠೀರವಕ್ಕಂತೂ ಕಬ್ಬನ್ ಪಾರ್ಕ್ ಮೆಟ್ರೊ ಹತ್ತಿರ. 2011ರಲ್ಲಿ ಅಮೆರಿಕದ ರಾಕ್ ತಂಡ ಮೆಟಾಲಿಕಾ ಹಾಡಿದ ಅರಮನೆ ಮೈದಾನದಲ್ಲಿ ಇವನ್ನೆಲ್ಲ ಹೊಸದಾಗಿ ಕಟ್ಟಬೇಕು.

ಪ್ರೇಕ್ಷಕರು ಗ್ಯಾಲರಿಯಲ್ಲೇ ಕೂರುವುದಾದರೆ, ಫುಟ್‌ಬಾಲ್ ಋತು ಮುಗಿದಿದ್ದರೆ ಕಂಠೀರವ ಒಪ್ಪಬಹುದು. ಸಣ್ಣ ವೇದಿಕೆಯ ಕಾರ್ಯಕ್ರಮಕ್ಕೆ ಅಶೋಕನಗರ ಸಾಕು. ಜನ ನಿಂತು ಕುಣಿಯುವ ದೊಡ್ಡ ಕಾರ್ಯಕ್ರಮಕ್ಕೆ, ಖರ್ಚು ಹೆಚ್ಚಾದರೂ, ಕಾಯಬೇಕಾದ ಆಟದ ನೆಲವಿಲ್ಲದ ಅರಮನೆ ಮೈದಾನವೇ ಸರಿ. ಬಯಲಿನಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಬಳಸಬಾರದೆಂಬ ನಿಯಮ ಮಾತ್ರ ಮೂರಕ್ಕೂ ಒಂದೇ.